ಹಳೆ ಎಂಪಿಎಫ್‌ಐ ಕಾರು ಮಿಸ್ಸಿಂಗ್ ಹೊಡೆದರೆ: ಪಾರ್ಟ್ಸ್ ಕೊಳ್ಳುವ ಮೊದಲು ಹುಡುಕುವ ದಾರಿ

ಮಾರುತಿ 800, ಝೆನ್, ಆಲ್ಟೋ, ವ್ಯಾಗನ್ ಆರ್, ಸ್ಯಾಂಟ್ರೋ. 2000ನೇ ಇಸವಿಯ ಆಸುಪಾಸಿನಲ್ಲಿ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ (ಪ್ರತಿ ಸಿಲಿಂಡರ್‌ಗೂ ಬೇರೆ ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ ಪದ್ಧತಿ) ಬಂತಲ್ಲ, ಆಗಿನಿಂದ ಹತ್ತು ವರ್ಷದ ಕಾರುಗಳ ಬಗ್ಗೆ ಈ ಲೇಖನ. 15 ವರ್ಷ ತುಂಬಿದ ಮೇಲೂ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸಿಕೊಂಡು ಇವನ್ನು ಓಡಿಸುತ್ತಿರುವವರು ನಮ್ಮಲ್ಲಿ ಬೇಕಾದಷ್ಟು ಜನ. ಒಳ್ಳೆಯ ಎಂಜಿನ್‌ಗಳು ಇವು. ಆದರೆ ವಯಸ್ಸಾದ ಮೇಲೆ ಎಲ್ಲಕ್ಕೂ ಒಂದೇ ದೂರು ಬರುತ್ತದೆ, ಮಿಸ್ಸಿಂಗ್, ಅಂದರೆ ಸಿಲಿಂಡರ್ ಸರಿಯಾಗಿ ಉರಿಯದೆ ತಪ್ಪುವುದು: ಸಿಗ್ನಲ್‌ನಲ್ಲಿ ನಿಂತರೆ ನಡುಗುತ್ತದೆ, ಗಾಡಿ ಜರ್ಕ್ ಹೊಡೆಯುತ್ತದೆ, ಪಿಕಪ್ ಇಲ್ಲ, ಮೈಲೇಜ್ ಬಿದ್ದಿದೆ.

ಆಮೇಲೆ ಶುರುವಾಗುವುದು ಪಾರ್ಟ್ಸ್ ಬದಲಾವಣೆ. ಮೊದಲು ಪ್ಲಗ್. ಹೋಗಲಿಲ್ಲವಾ, ಇಂಜೆಕ್ಟರ್ ಕ್ಲೀನಿಂಗ್. ಅದಕ್ಕೂ ಹೋಗಲಿಲ್ಲವಾ, ಸೆನ್ಸರ್. ಕೊನೆಗೆ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಹೋಗಿದೆ ಅನ್ನುವ ಮಾತು. ಅಷ್ಟರಲ್ಲಿ ಕಾರಿನ ಬೆಲೆಯ ಕಾಲು ಭಾಗ ಖರ್ಚಾಗಿರುತ್ತದೆ. ಇದು ಬೇಕಾಗಿಲ್ಲ. ಸರಿಯಾದ ಕ್ರಮದಲ್ಲಿ ನೋಡುತ್ತಾ ಹೋದರೆ ಬಹುಪಾಲು ದೋಷಗಳು ಒಂದು ಬೆಳಗ್ಗೆಯಲ್ಲಿ ಸಿಗುತ್ತವೆ. ಒಂದೇ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೋ, ಅಥವಾ ಎಲ್ಲ ಸಿಲಿಂಡರ್‌ಗಳೂ ಸರಿಯಿಲ್ಲವೋ? ಈ ಒಂದು ಪ್ರಶ್ನೆಗೆ ಉತ್ತರ ಸಿಗುವ ತನಕ ಒಂದು ರೂಪಾಯಿಯ ಪಾರ್ಟನ್ನೂ ಕೊಳ್ಳಬೇಡಿ.

ಮೊದಲು ಜಾಗ್ರತೆ, ಆಮೇಲೆ ಸಾಮಾನು

ಕೆಲಸ ಬಯಲಲ್ಲಿ ಮಾಡಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ, ವಾಸನೆಯೂ ಗೊತ್ತಾಗುವುದಿಲ್ಲ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಚಕ್ರಕ್ಕೆ ಕಲ್ಲು. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಾನಾಗಿ ತಿರುಗೀತು, ಆದ್ದರಿಂದ ದುಪಟ್ಟಾ, ಸೆರಗು, ಲುಂಗಿಯ ತುದಿ, ಕತ್ತಿನ ಟವೆಲ್ ಯಾವುದೂ ಬಾನೆಟ್ ಒಳಗೆ ಇಳಿಬೀಳಬಾರದು. ಕೈಗೆ ಸಿಗುವ ಹಾಗೆ ಬೆಂಕಿ ಆರಿಸುವ ಸಿಲಿಂಡರ್ ಇದ್ದರೆ ಒಳ್ಳೆಯದು.

ಸಾಮಾನು ಜಾಸ್ತಿ ಬೇಡ. ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಟಾರ್ಚ್, ಗಿಡಕ್ಕೆ ನೀರು ಹಾಯಿಸುವ ಸ್ಪ್ರೇ ಬಾಟಲಿ, ಒಂದು ನೋಟ್‌ಬುಕ್. ಸ್ಕ್ಯಾನರ್ ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ.

ಹಂತ 1: ಯಾವಾಗ ಹೊಡೆಯುತ್ತದೆ ಅಂತ ಬರೆದಿಡಿ

ಮೆಕ್ಯಾನಿಕ್ ಹತ್ತಿರ ಹೋಗಿ 'ಮಿಸ್ಸಿಂಗ್ ಇದೆ' ಅಂದರೆ ಸಾಲದು. ಯಾವಾಗ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಬೆಳಗ್ಗೆ ತಣ್ಣಗಿದ್ದಾಗ ಮಾತ್ರ ನಡುಗಿ, ಐದು ಹತ್ತು ನಿಮಿಷ ಓಡಿದ ಮೇಲೆ ಸರಿಹೋಗುತ್ತಾ? ಕೂಲೆಂಟ್ ಟೆಂಪರೇಚರ್ ಸೆನ್ಸರ್, ಐಡಲ್ ವಾಲ್ವ್ (ಆಕ್ಸಿಲರೇಟರ್ ತುಳಿಯದಿದ್ದಾಗ ಎಂಜಿನ್‌ಗೆ ಗಾಳಿ ಬಿಡುವ ವಾಲ್ವ್), ಅಥವಾ ರಾತ್ರಿ ಪೂರ್ತಿ ಸಿಲಿಂಡರ್ ಒಳಗೆ ಪೆಟ್ರೋಲ್ ತೊಟ್ಟಿಕ್ಕುವ ಇಂಜೆಕ್ಟರ್ ಮೇಲೆ ಕಣ್ಣಿಡಿ. ತಣ್ಣಗಿದ್ದಾಗ ಚೆನ್ನಾಗಿದ್ದು, ಬಿಸಿಯಾದ ಮೇಲೆ ಐಡ್ಲಿಂಗ್ (ನಿಂತಲ್ಲೇ ಎಂಜಿನ್ ಓಡುವುದು) ಕೆಡುತ್ತಾ? ಟೈಟ್ ಆದ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದಲ್ಲಿ ಬಿಡಬೇಕಾದ ಸಂದು ಉಳಿಯದಿರುವುದು), ಬಿಸಿಗೆ ಕೈಕೊಡುವ ಕಾಯಿಲ್ ಅಥವಾ ಕ್ರ್ಯಾಂಕ್ ಸೆನ್ಸರ್ ಇರಬಹುದು. ಐಡ್ಲಿಂಗ್‌ನಲ್ಲಿ ಮಾತ್ರ ನಡುಕ, ರೋಡಿನಲ್ಲಿ ಚೆನ್ನಾಗಿ ಓಡುತ್ತದೆ ಅಂದರೆ ಗಾಳಿ ಲೀಕ್ ಅಥವಾ ಕೊಳೆ ತುಂಬಿದ ಥ್ರಾಟಲ್ ಬಾಡಿ (ಆಕ್ಸಿಲರೇಟರ್ ತುಳಿದಾಗ ತೆರೆದು ಗಾಳಿ ಬಿಡುವ ಭಾಗ). ಐಡ್ಲಿಂಗ್ ಸರಿಯಿದ್ದು ಘಾಟಿ ಹತ್ತುವಾಗ ಜರ್ಕ್ ಹೊಡೆದರೆ ಸ್ಪಾರ್ಕ್ ಸಾಲುತ್ತಿಲ್ಲ ಅಥವಾ ಪೆಟ್ರೋಲ್ ಪ್ರೆಶರ್ ಸಾಲುತ್ತಿಲ್ಲ. ಮಳೆ ಬಂದ ದಿನ ಮಾತ್ರ ತೊಂದರೆ ಅಂದರೆ ಪ್ಲಗ್ ಲೀಡ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಅಥವಾ ಕಾಯಿಲ್ ಬಿರುಕು ಬಿಟ್ಟಿದೆ.

ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಇದ್ದರೆ ಇನ್ನೊಂದು ಮುಖ್ಯ ಪರೀಕ್ಷೆ ಸುಲಭವಾಗಿ ಸಿಗುತ್ತದೆ. ಗ್ಯಾಸ್‌ನಲ್ಲೂ ಪೆಟ್ರೋಲ್‌ನಲ್ಲೂ ಎರಡರಲ್ಲೂ ಮಿಸ್ಸಿಂಗ್ ಇದ್ದರೆ ಇಂಜೆಕ್ಟರ್, ಪಂಪ್ ಎರಡನ್ನೂ ಸದ್ಯಕ್ಕೆ ಮರೆತುಬಿಡಿ. ಪೆಟ್ರೋಲ್‌ನಲ್ಲಿ ಮಾತ್ರ ಇದ್ದರೆ ಅಲ್ಲೇ ಹುಡುಕಿ.

ಹಂತ 2: ಇದು ನಿಜಕ್ಕೂ ಮಿಸ್ಸಿಂಗಾ?

800 ಮತ್ತು ಆಲ್ಟೋಗೆ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ನಾಲ್ಕು ಸಿಲಿಂಡರ್‌ನ ಝೆನ್ ಅಥವಾ ಸ್ಯಾಂಟ್ರೋ ಪಕ್ಕ ನಿಲ್ಲಿಸಿದರೆ ಅದು ಯಾವಾಗಲೂ ಸ್ವಲ್ಪ ಜಾಸ್ತಿ ನಡುಗುತ್ತದೆ. ಅದು ದೋಷವಲ್ಲ. ಎಂಜಿನ್ ಮೌಂಟಿಂಗ್ ರಬ್ಬರ್ ಗಟ್ಟಿಯಾಗಿದ್ದರೆ ಅಥವಾ ಹರಿದಿದ್ದರೆ ಆ ನಡುಕ ಸೀದಾ ಬಾಡಿಗೆ ಬಂದು ಡ್ಯಾಶ್‌ಬೋರ್ಡ್ ಗಡಗಡ ಅನ್ನುತ್ತದೆ. ಎಷ್ಟೋ ಜನ ಮೌಂಟಿಂಗ್ ಹೋದ ಕಾರಿಗೆ ಇಂಜೆಕ್ಟರ್ ಕ್ಲೀನ್ ಮಾಡಿಸುತ್ತಾರೆ.

ತಿಳಿಯುವುದು ಹೀಗೆ. ಎಂಜಿನ್ ಓಡುತ್ತಿರುವಾಗ ಹಿಂದೆ ಹೋಗಿ ಸೈಲೆನ್ಸರ್ ಬಾಯಿಂದ ಒಂದು ಗೇಣು ದೂರದಲ್ಲಿ ಕಾಗದದ ಚೂರು ಹಿಡಿಯಿರಿ. ಒಂದೇ ಸಮನೆ ಊದಿದರೆ ಎಂಜಿನ್ ಸರಿಯಾಗಿ ಉರಿಯುತ್ತಿದೆ, ಮೌಂಟಿಂಗ್ ನೋಡಿ. ನಡುನಡುವೆ 'ಫಟ್' ಅಂತ ತಪ್ಪುತ್ತಿದ್ದರೆ ಮಿಸ್ಸಿಂಗ್ ಇದೆ. ಆಗೊಮ್ಮೆ ಈಗೊಮ್ಮೆ ಕಾಗದವನ್ನು ಒಳಕ್ಕೆ ಎಳೆದುಕೊಂಡ ಹಾಗೆ ಆದರೆ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಅನ್ನುವ ಅನುಮಾನ ಬರಬೇಕು. ಆಗ ಹಂತ 5ರ ಕಂಪ್ರೆಷನ್ ಟೆಸ್ಟಿಗೆ ಮೊದಲು ಹೋಗಿ.

ನಿಜವಾದ ಮಿಸ್ಸಿಂಗ್ ಇಟ್ಟುಕೊಂಡು ವಾರಗಟ್ಟಲೆ ಓಡಿಸಬೇಡಿ. ಉರಿಯದೆ ಹೊರಬಿದ್ದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತದೆ. ಅದು ಕೆಂಪಗೆ ಕಾದು ಒಳಗಿನ ಜೇನುಗೂಡು ಕರಗಿ ಮುಚ್ಚಿಕೊಳ್ಳುತ್ತದೆ. ಪ್ಲಗ್ ಲೀಡಿನ ತೊಂದರೆ ಕನ್ವರ್ಟರ್ ತೊಂದರೆಯಾಗುವುದು ಹೀಗೆಯೇ. ಅಂಥ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸುವುದಂತೂ ಬೆಂಕಿಗೆ ಕರೆ ಕೊಟ್ಟ ಹಾಗೆ.

ಹಂತ 3: ದುಡ್ಡಿಲ್ಲದೆ ನೋಡುವ ವಿಷಯಗಳು

ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಸುಮ್ನೆ ಐದು ನಿಮಿಷ ನೋಡಿ. ಏನನ್ನೂ ಬಿಚ್ಚಬೇಡಿ. ಇಲಿ ಕಡಿದ ವೈರ್, ಕಳಚಿದ ಪೈಪ್, ಅರ್ಧ ಕೂತ ಕಪ್ಲರ್, ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ. ತೋಟದ ಮನೆಗಳಲ್ಲಿ, ಮಲೆನಾಡಿನಲ್ಲಿ ಮಳೆಗಾಲಕ್ಕೆ ಬೆಚ್ಚಗಿನ ಎಂಜಿನ್ ಹುಡುಕಿಕೊಂಡು ಬರುವ ಇಲಿ ಇಂಜೆಕ್ಟರ್ ವೈರನ್ನೇ ಕಡಿದಿರುವುದು ಎಷ್ಟು ಸಲ ಬೇಕಾದರೂ ನೋಡಸಿಗುತ್ತದೆ.

ಮಲ್ಟಿಮೀಟರ್ ತೆಗೆದು ಬ್ಯಾಟರಿ ನೋಡಿ. ಎಂಜಿನ್ ಆಫ್ ಇದ್ದಾಗ 12.5 ವೋಲ್ಟ್ ಹತ್ತಿರ, ಓಡುತ್ತಿರುವಾಗ 13.5ರಿಂದ 14.5ರ ನಡುವೆ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಸ್ಪಾರ್ಕ್ ಕುಗ್ಗುತ್ತದೆ, ಪಂಪ್ ನಿಧಾನವಾಗುತ್ತದೆ, ಸೆನ್ಸರ್‌ಗಳು ಏನೇನೋ ತೋರಿಸುತ್ತವೆ. ಆಮೇಲೆ ಅರ್ಥಿಂಗ್. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಹಾಕಿ. ಮೀಟರ್‌ನ ಒಂದು ಮೊನೆ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿಯ ಲೋಹಕ್ಕೆ. 0.1 ವೋಲ್ಟ್‌ಗಿಂತ ಕಡಿಮೆ ಬರಬೇಕು. ಅರ್ಧ ವೋಲ್ಟ್ ಬಂದರೆ ಅರ್ಥ್ ಕೇಬಲ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ. ಈ ಒಂದು ಕೆಲಸಕ್ಕೇ ಕೆಲವು ಕಾರು ನೆಟ್ಟಗಾಗುತ್ತವೆ.

ಇನ್ನು ರಬ್ಬರ್ ಪೈಪುಗಳು. ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ ಹೊರಡುವ ಒಂದೊಂದನ್ನೂ ಬೆರಳಲ್ಲಿ ಹಿಸುಕಿ, ಬಗ್ಗಿಸಿ ನೋಡಿ: ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ ಪೈಪ್ (ಎಂಜಿನ್ ಒಳಗಿನ ಆವಿಯನ್ನು ವಾಪಸ್ ಮ್ಯಾನಿಫೋಲ್ಡ್‌ಗೆ ತರುವುದು), ಮ್ಯಾಪ್ ಸೆನ್ಸರ್ ಪೈಪ್. ಬಿರುಕು ಸಾಮಾನ್ಯವಾಗಿ ಕೆಳಮುಖಕ್ಕೆ, ತುದಿ ಸಿಕ್ಕಿಸಿದ ಜಾಗದಲ್ಲೇ ಇರುತ್ತದೆ, ಮೇಲಿಂದ ನೋಡಿದರೆ ಕಾಣುವುದಿಲ್ಲ. ತಿಪಟೂರಿನಲ್ಲಿರುವ ನನ್ನ ಚಿಕ್ಕಪ್ಪನ ಝೆನ್‌ಗೆ ಒಂದು ಗ್ಯಾರೇಜಿನಲ್ಲಿ ಪ್ಲಗ್, ಆಕ್ಸಿಜನ್ ಸೆನ್ಸರ್ ಎರಡೂ ಬದಲಾಗಿದ್ದವು. ಆದರೂ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ನಡುಕ. ಮ್ಯಾಪ್ ಸೆನ್ಸರ್‌ಗೆ ಹೋಗುವ ಪೆನ್ಸಿಲ್ ದಪ್ಪದ ಪೈಪನ್ನು ಕಿತ್ತು ಬಗ್ಗಿಸಿದಾಗ ತುದಿಯಲ್ಲಿ ಉಗುರಿನಷ್ಟು ಉದ್ದದ ಸೀಳು ಬಾಯಿ ಬಿಟ್ಟಿತು. ಪೈಪ್ ಉದ್ದ ಇತ್ತು. ಸೀಳಿದ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿದ್ದಷ್ಟೇ, ಎಂಜಿನ್ ತಣ್ಣಗೆ ಕೂತಿತು.

ಅದು ಯಾಕೆ ಹಾಗಾಯಿತು ಅನ್ನುವುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಈ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಇಲ್ಲ. ಮ್ಯಾನಿಫೋಲ್ಡ್ ಒಳಗಿನ ಒತ್ತಡ ಎಷ್ಟಿದೆ ಅಂತ ಮ್ಯಾಪ್ ಸೆನ್ಸರ್ ನೋಡುತ್ತದೆ, ಅದರ ಮೇಲೆ ಇಸಿಎಂ ಪೆಟ್ರೋಲಿನ ಲೆಕ್ಕ ಹಾಕುತ್ತದೆ. ಪೈಪ್ ಸೀಳಿ ಹೊರಗಿನ ಗಾಳಿ ಸೆನ್ಸರ್‌ಗೆ ತಾಗಿದರೆ, ಆಕ್ಸಿಲರೇಟರ್ ಜೋರಾಗಿ ತುಳಿದಿದ್ದಾರೆ ಅಂತ ಇಸಿಎಂ ಅಂದುಕೊಂಡು ಪೆಟ್ರೋಲ್ ಸುರಿಯುತ್ತದೆ. ದೊಡ್ಡ ಪೈಪ್ ಲೀಕ್ ಆದರೂ ಅಷ್ಟೇ, ಒತ್ತಡ ಏರುತ್ತದೆ, ಪೆಟ್ರೋಲೂ ಏರುತ್ತದೆ, ಐಡ್ಲಿಂಗ್ 1,500ಕ್ಕೆ ಹೋಗಿ ನಿಲ್ಲಬಹುದು. ಇದಕ್ಕೆ ಬೇರೆಯಾದ ಲೀಕ್ ಒಂದಿದೆ. ಇಂಜೆಕ್ಟರ್‌ನ ಕೆಳಗಿನ ಓ-ರಿಂಗ್ ಅಥವಾ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನ ಒಂದು ಮೂಲೆ ಸೋರಿದರೆ ಆ ಒಂದು ಸಿಲಿಂಡರ್‌ಗೆ ಮಾತ್ರ ಗಾಳಿ ಜಾಸ್ತಿಯಾಗಿ ಐಡ್ಲಿಂಗ್‌ನಲ್ಲಿ ಅದೊಂದೇ ತಪ್ಪುತ್ತದೆ.

ಲೀಕ್ ಹುಡುಕಲು ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸುವುದು ಗ್ಯಾರೇಜುಗಳ ರೂಢಿ. ಕಾದ ಎಕ್ಸಾಸ್ಟ್ ಮೇಲೆ ಅದು ಬಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಮನೆಯಲ್ಲಿ ಸೋಪು ನೀರಿನ ಸ್ಪ್ರೇ ಸಾಕು. ವೈರ್, ಕಾಯಿಲ್ ಮೇಲೆ ಬೀಳದ ಹಾಗೆ ಜಾಯಿಂಟ್ ಸುತ್ತ ಸ್ವಲ್ಪ ಹೊಡೆಯಿರಿ. ಎಂಜಿನ್ ಸದ್ದು ಬದಲಾದರೆ ಅಲ್ಲೇ ಲೀಕ್. ಪೈಪುಗಳನ್ನು ಒಂದೊಂದಾಗಿ ಇಕ್ಕಳದಿಂದ ಮೆಲ್ಲಗೆ ಒತ್ತಿ ಹಿಡಿದೂ ನೋಡಬಹುದು. ಯಾವುದನ್ನು ಒತ್ತಿದಾಗ ಐಡ್ಲಿಂಗ್ ಸರಿಹೋಯಿತೋ ಅದರ ಹಿಂದೆ ಹೋಗಿ.

ಏರ್ ಫಿಲ್ಟರ್ ನೋಡಿ. ಥ್ರಾಟಲ್ ಬಾಡಿಯ ತಟ್ಟೆಯ ಅಂಚಿನಲ್ಲಿ ಕಪ್ಪು ಜಿಡ್ಡು ಇದ್ದರೆ ಥ್ರಾಟಲ್ ಕ್ಲೀನರ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಐಡಲ್ ವಾಲ್ವ್‌ನ ದಾರಿಯನ್ನೂ ಒರೆಸಿ. ಥ್ರಾಟಲ್ ಸ್ಟಾಪ್ ಸ್ಕ್ರೂವನ್ನು ಮಾತ್ರ ಮುಟ್ಟಬೇಡಿ. ಕಾರ್ಬ್ಯುರೇಟರ್ ಕಾಲದ ಅಭ್ಯಾಸದಲ್ಲಿ ಅದನ್ನು ತಿರುಗಿಸಿ ಐಡ್ಲಿಂಗ್ ಏರಿಸುವವರು ಇನ್ನೂ ಇದ್ದಾರೆ. ಅದರಿಂದ ಥ್ರಾಟಲ್ ಮುಚ್ಚಿದೆ ಅನ್ನುವ ಗುರುತೇ ಇಸಿಎಂಗೆ ತಪ್ಪಿಹೋಗುತ್ತದೆ.

ಸ್ಕ್ಯಾನರ್ ಬಗ್ಗೆ ಒಂದು ಮಾತು

ನಮ್ಮ ದೇಶದಲ್ಲಿ ಓಬಿಡಿ (ಕಾರು ತನ್ನ ದೋಷವನ್ನು ತಾನೇ ದಾಖಲಿಸುವ ವ್ಯವಸ್ಥೆ) ಕಡ್ಡಾಯವಾದದ್ದು ಬಿಎಸ್ 4 ಹೊಗೆ ನಿಯಮದ ಜೊತೆಗೆ, 2010ರಿಂದ. ಅದರ ಎರಡನೇ ಹಂತ 2013ರಲ್ಲಿ ಬಂತು. ಅದಕ್ಕಿಂತ ಹಳೆಯ ಕಾರಿನಲ್ಲಿ 16 ಪಿನ್ನಿನ ಸಾಕೆಟ್ ಕಂಡರೂ ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗೆ ಅದು ಮಾತನಾಡದೇ ಇರಬಹುದು. ಸ್ಕ್ಯಾನರ್ ಹಾಳಾಗಿದೆ ಅಂತಲ್ಲ, ಭಾಷೆ ಬೇರೆ. ಆ ಕಂಪನಿಯ ಸ್ಕ್ಯಾನರ್ ಇಟ್ಟುಕೊಂಡ ಗ್ಯಾರೇಜಿಗೆ ಹೋಗಬೇಕು.

ಹಳೆಯ ಮಾರುತಿಗಳಲ್ಲಿ ಹಲವಕ್ಕೆ ಇನ್ನೊಂದು ದಾರಿ ಇದೆ. ಡಯಾಗ್ನೋಸಿಸ್ ಕಪ್ಲರ್‌ನ ಎರಡು ನಿರ್ದಿಷ್ಟ ಪಿನ್‌ಗಳನ್ನು ವೈರಿನಿಂದ ಜೋಡಿಸಿ ಇಗ್ನಿಷನ್ ಆನ್ ಮಾಡಿದರೆ ಚೆಕ್ ಎಂಜಿನ್ ಲೈಟ್ ಮಿನುಗಿ ಕೋಡ್ ಹೇಳುತ್ತದೆ. ಒಂದು ಮಿನುಗು, ಸ್ವಲ್ಪ ಬಿಟ್ಟು ಎರಡು ಮಿನುಗು ಅಂದರೆ 12: ಯಾವ ದೋಷವೂ ದಾಖಲಾಗಿಲ್ಲ. ಯಾವ ಪಿನ್ ಅನ್ನುವುದನ್ನು ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ನೋಡಿಯೇ ಜೋಡಿಸಿ, ಊಹೆ ಮಾಡಬೇಡಿ.

ಕೋಡ್ ಸಿಕ್ಕಿದರೂ ಅದರಲ್ಲಿ ಹೆಸರಿರುವ ಪಾರ್ಟನ್ನು ಕೊಳ್ಳಲು ಓಡಬೇಡಿ. ಪಿ0302 ಅಂದರೆ ಎರಡನೇ ಸಿಲಿಂಡರ್ ತಪ್ಪುತ್ತಿದೆ ಅಂತ ಮಾತ್ರ. ಯಾಕೆ ಅಂತ ಅದು ಹೇಳುವುದಿಲ್ಲ. ಪಿ0171 ಬಂದರೆ ಗಾಳಿಗೆ ತಕ್ಕ ಪೆಟ್ರೋಲ್ ಇಲ್ಲ ಅಂತ, ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತಲ್ಲ.

ಹಂತ 4: ಒಂದೇ ಸಿಲಿಂಡರಾ, ಎಲ್ಲವೂನಾ?

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡಿ ನೋಡುತ್ತೀರಾದರೆ ಇದನ್ನು ಮಾಡಿ.

ಎಂಜಿನ್ ಬಿಸಿಯಾಗಲಿ. ಒಬ್ಬರು ಒಳಗೆ ಕೂತು ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ, ಎಂಜಿನ್ 1,200 ಆರ್‌ಪಿಎಂ ಹತ್ತಿರ ಒಂದೇ ಸಮ ಓಡುವ ಹಾಗೆ ಹಿಡಿಯಲಿ. ನೀವು ಮೊದಲ ಇಂಜೆಕ್ಟರ್‌ನ ಕಪ್ಲರ್ ಕಳಚಿ. ಎಂಜಿನ್ ತಟ್ಟನೆ ಕುಸಿದು ನಡುಕ ಜಾಸ್ತಿಯಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಮತ್ತೆ ಸಿಕ್ಕಿಸಿ, ಎಂಜಿನ್ ಸುಧಾರಿಸಿಕೊಳ್ಳಲಿ. ಎರಡನೆಯದು. ಮೂರನೆಯದು. ಯಾವುದನ್ನು ಕಳಚಿದಾಗ ಏನೂ ಬದಲಾಗಲಿಲ್ಲವೋ ಅದು ಮೊದಲೇ ಸತ್ತಿರುವ ಸಿಲಿಂಡರ್.

ಗಮನ ಇಡಬೇಕಾದ್ದು ಕಳಚಿದ ಮೊದಲ ಒಂದೆರಡು ಸೆಕೆಂಡ್. ಆಮೇಲೆ ಐಡಲ್ ವಾಲ್ವ್ ಗಾಳಿ ಬಿಟ್ಟು ಆರ್‌ಪಿಎಂ ಸರಿಮಾಡಲು ನೋಡಬಹುದು, ವ್ಯತ್ಯಾಸ ಮುಚ್ಚಿಹೋಗಬಹುದು. ಮೂರು ಸಿಲಿಂಡರ್ ಕಾರಿನಲ್ಲಿ ಒಂದು ಕಳಚಿದರೆ ಎಂಜಿನ್ ಆಫ್ ಆದರೂ ಆದೀತು, ಗಾಬರಿ ಬೇಡ. ಹಳೆಯ ಕಪ್ಲರ್ ಪ್ಲಾಸ್ಟಿಕ್ ಬಿಸಿಲಿಗೆ ಒಣಗಿದ ಹಪ್ಪಳದ ಹಾಗೆ ಮುರಿಯುತ್ತದೆ. ತಂತಿಯ ಲಾಕ್ ಇದ್ದರೆ ಅದನ್ನು ಪೂರ್ತಿ ಒತ್ತಿ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ.

ಪ್ಲಗ್ ಲೀಡ್ ಕಿತ್ತು ನೋಡುವ ಹಳೆಯ ಪದ್ಧತಿ ಇಲ್ಲಿ ಬೇಡ. ಕಿತ್ತ ಲೀಡಿನ ಸ್ಪಾರ್ಕ್ ಹೋಗಲು ದಾರಿಯಿಲ್ಲದೆ ಕಾಯಿಲ್, ಇಗ್ನೈಟರ್ ಸುಡಬಹುದು, ನಿಮಗೆ ಶಾಕ್ ಹೊಡೆಯಬಹುದು. ಜೊತೆಗೆ ಉರಿಯದ ಪೆಟ್ರೋಲ್ ಪೂರ್ತಿ ಕನ್ವರ್ಟರ್‌ಗೆ ಹೋಗುತ್ತದೆ. ಇಂಜೆಕ್ಟರ್ ಕಳಚಿದರೆ ಪೆಟ್ರೋಲೇ ಬರುವುದಿಲ್ಲ. ಚೆಕ್ ಎಂಜಿನ್ ಲೈಟ್ ಹತ್ತಬಹುದು, ಆಮೇಲೆ ಅಳಿಸಿದರಾಯಿತು.

ಹಂತ 5: ಒಂದೇ ಸಿಲಿಂಡರ್ ಸತ್ತಿದ್ದರೆ

ಈಗ ಕೆಲಸ ಸುಲಭ. ಅದಲುಬದಲು ಮಾಡುವುದು. ಎರಡನೇ ಸಿಲಿಂಡರ್ ಸತ್ತಿದೆ ಅಂದುಕೊಳ್ಳೋಣ.

ಎಂಜಿನ್ ತಣ್ಣಗಾದ ಮೇಲೆ ಎಲ್ಲ ಪ್ಲಗ್ ತೆಗೆದು, ಯಾವುದು ಎಲ್ಲಿಯದು ಅಂತ ಸಾಲಾಗಿ ಕಾಗದದ ಮೇಲೆ ಇಡಿ. ಬಿಸಿ ಇದ್ದಾಗ ತೆಗೆದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡೇ ಕಿತ್ತು ಬರುವ ಅಪಾಯ ಇದೆ. ತೆಗೆಯುವ ಮೊದಲು ಗುಂಡಿಯ ಧೂಳನ್ನು ಊದಿ. ಈಗ ನೋಡಿ. ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ. ಒದ್ದೆ, ಪೆಟ್ರೋಲ್ ವಾಸನೆ ಅಂದರೆ ಸ್ಪಾರ್ಕ್ ಬರುತ್ತಿಲ್ಲ. ಒದ್ದೆಯಾಗಿ ಜಿಡ್ಡು ಜಿಡ್ಡಾಗಿದ್ದರೆ ಆಯಿಲ್ ಬರುತ್ತಿದೆ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ ಅಥವಾ ಗಾಳಿ ಲೀಕ್. ಒಂದೇ ಒಂದು ಪ್ಲಗ್ ಹಬೆಯಲ್ಲಿ ತೊಳೆದಷ್ಟು ಶುಭ್ರವಾಗಿದ್ದು, ಕೂಲೆಂಟೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಿ. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದಂಥ ಸಣ್ಣ ಕಪ್ಪು ಗೆರೆ ಇದೆಯಾ ಅಂತ ಬೆಳಕಿಗೆ ಹಿಡಿದು ತಿರುಗಿಸಿ. ಇದ್ದರೆ ಸ್ಪಾರ್ಕ್ ಒಳಗೆ ಹೋಗದೆ ಹೊರಗಿನಿಂದಲೇ ಬಾಡಿಗೆ ಇಳಿಯುತ್ತಿದೆ. ಆಗ ಪ್ಲಗ್, ಲೀಡಿನ ರಬ್ಬರ್ ಬೂಟ್ ಎರಡನ್ನೂ ಬದಲಿಸಬೇಕು.

ಗ್ಯಾಪ್ ಅಳೆಯಿರಿ. ಈ ಕಾರುಗಳಲ್ಲಿ ಸಾಮಾನ್ಯವಾಗಿ 1.0ರಿಂದ 1.1 ಮಿ.ಮೀ., ನಿಮ್ಮ ಮ್ಯಾನುಯಲ್ ಹೇಳಿದ್ದೇ ಕೊನೆಯ ಮಾತು. ಸವೆದು ಗ್ಯಾಪ್ ದೊಡ್ಡದಾದರೆ ಐಡ್ಲಿಂಗ್ ಸರಿಯಿದ್ದು ಏರಿನಲ್ಲಿ ತಪ್ಪುತ್ತದೆ.

ಎರಡನೇ ಪ್ಲಗ್ಗನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ ಮತ್ತೆ ಹಂತ 4 ಮಾಡಿ. ತೊಂದರೆ ಮೂರಕ್ಕೆ ಹೋಯಿತಾ? ಪ್ಲಗ್ ಹೋಗಿದೆ. ಹೋಗಲಿಲ್ಲವಾ? ಲೀಡ್ ಅಳೆಯಿರಿ. ಒಂದೊಂದರ ರೆಸಿಸ್ಟೆನ್ಸ್ ಕೆಲವು ಸಾವಿರ ಓಮ್ ಇರುತ್ತದೆ, ಉದ್ದಕ್ಕೆ ತಕ್ಕ ಹಾಗೆ ಜಾಸ್ತಿ ಕಡಿಮೆ. ಅಕ್ಕಪಕ್ಕದವು 5,000 ತೋರಿಸುವಾಗ ಇದೊಂದು 40,000 ತೋರಿಸಿದರೆ ಅಥವಾ ಏನೂ ತೋರಿಸದಿದ್ದರೆ ಅದೇ ಕಳ್ಳ. ಮಳೆಯ ದಿನದ ಮಿಸ್ಸಿಂಗ್ ಇದ್ದರೆ ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸಿ, ಲೀಡಿನ ಮೇಲೆ ಸ್ವಲ್ಪ ನೀರು ಸಿಂಪಡಿಸಿ, ದೂರ ನಿಂತು ನೋಡಿ. ನೀಲಿ ಕಿಡಿ ಓಡಾಡುವುದು ಬರಿಗಣ್ಣಿಗೆ ಕಾಣುತ್ತದೆ. ಕೈ ಮಾತ್ರ ಹತ್ತಿರ ಒಯ್ಯಬೇಡಿ. ಲೀಡನ್ನು ಸೆಟ್ ಆಗಿ ಬದಲಿಸಿ, ಒರಿಜಿನಲ್ ಸಿಗುವ ಅಂಗಡಿಯಲ್ಲೇ ಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹತ್ತು ಅಂಗಡಿಗಳಲ್ಲಿ ಹತ್ತು ಬೆಲೆ ಇರುತ್ತದೆ. ತೀರಾ ಅಗ್ಗದ ಪ್ಲಗ್, ಲೀಡ್ ತಂದರೆ ಹೊಸದನ್ನೇ ಅನುಮಾನಿಸಬೇಕಾದ ಪರಿಸ್ಥಿತಿ ಬರುತ್ತದೆ. ಕಾಯಿಲ್ ಒಂದಕ್ಕಿಂತ ಜಾಸ್ತಿ ಇರುವ ಕಾರಿನಲ್ಲಿ ಕಾಯಿಲನ್ನೂ ಹೀಗೇ ಅದಲುಬದಲು ಮಾಡಿ.

ಸ್ಪಾರ್ಕ್ ಸರಿಯಿದ್ದರೆ ಇಂಜೆಕ್ಟರ್. ಉದ್ದ ಸ್ಕ್ರೂ ಡ್ರೈವರ್‌ನ ತುದಿಯನ್ನು ಇಂಜೆಕ್ಟರ್ ಮೇಲಿಟ್ಟು ಹಿಡಿಕೆಗೆ ಕಿವಿ ಇಡಿ. ಟಿಕ್ ಟಿಕ್ ಅನ್ನುವ ಸದ್ದು ಎಲ್ಲದರಲ್ಲೂ ಒಂದೇ ಥರ ಬರಬೇಕು. ಸದ್ದೇ ಇಲ್ಲದಿದ್ದರೆ ಕಪ್ಲರ್ ಕಳಚಿ ಇಂಜೆಕ್ಟರ್‌ನ ಎರಡು ಪಿನ್ ನಡುವೆ ಅಳೆಯಿರಿ. ಸಾಮಾನ್ಯವಾಗಿ 11ರಿಂದ 16 ಓಮ್. ಓಮ್ ಸರಿಯಿದ್ದು ಸದ್ದಿಲ್ಲ ಅಂದರೆ ವೈರ್ ನೋಡಿ, ಇಲಿಯನ್ನು ನೆನಪಿಸಿಕೊಳ್ಳಿ. ಸದ್ದಿದ್ದೂ ಸಿಲಿಂಡರ್ ಸತ್ತಿದ್ದರೆ ಇಂಜೆಕ್ಟರ್ ಕಟ್ಟಿಕೊಂಡಿರಬಹುದು. ಕ್ಲೀನಿಂಗ್ ಮಾಡಿಸುವ ಸಮಯ ಈಗ ಬಂತು, ಮೊದಲೇ ಅಲ್ಲ. ಬಿಚ್ಚಿ, ಮೆಷೀನಿನಲ್ಲಿ ಕೂರಿಸಿ, ಎಲ್ಲವೂ ಒಂದೇ ಪ್ರಮಾಣ ಸುರಿಯುವುದನ್ನು ಕಣ್ಣಾರೆ ತೋರಿಸುವ ಕಡೆ ಮಾಡಿಸಿ. ಟ್ಯಾಂಕಿಗೆ ಸುರಿಯುವ ಬಾಟಲಿಯಿಂದ ಕಟ್ಟಿಕೊಂಡ ಇಂಜೆಕ್ಟರ್ ಬಿಡುವುದು ಅಪರೂಪ. ವಾಪಸ್ ಕೂರಿಸುವಾಗ ಓ-ರಿಂಗ್ ಹೊಸತೇ ಇರಲಿ.

ಇದಿಷ್ಟೂ ಸರಿಯಿದ್ದರೆ ಕಂಪ್ರೆಷನ್, ಅಂದರೆ ಪಿಸ್ಟನ್ ಏರುವಾಗ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಏಳುತ್ತದೆ ಅನ್ನುವುದು. ಎಲ್ಲ ಪ್ಲಗ್ ಹೊರಗೆ, ಇಂಜೆಕ್ಟರ್ ಮತ್ತು ಕಾಯಿಲ್ ಕಪ್ಲರ್ ಕಳಚಿ, ಒಂದೊಂದು ಪ್ಲಗ್ ಗುಂಡಿಗೂ ಕಂಪ್ರೆಷನ್ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತುಳಿದು ಸ್ಟಾರ್ಟರ್ ಹೊಡೆಯಬೇಕು. ಸಂಖ್ಯೆ ಎಷ್ಟು ಅನ್ನುವುದಕ್ಕಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಪ್ರತಿ ಚದರ ಸೆಂ.ಮೀ.ಗೆ 1 ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್.

ವಾಲ್ವ್ ಅಂದ ತಕ್ಷಣ ಹೆಡ್ ಇಳಿಸಲು ಹೇಳಬೇಡಿ. ಮೊದಲು ಟ್ಯಾಪೆಟ್ ನೋಡಿಸಿ. ಸ್ಕ್ರೂ ಇರುವ ಟ್ಯಾಪೆಟ್‌ನ ಕಾರುಗಳಲ್ಲಿ, ಅದರಲ್ಲೂ ಎಲ್‌ಪಿಜಿಯಲ್ಲಿ ಓಡುವ ಓಮ್ನಿ, ವ್ಯಾಗನ್ ಆರ್‌ಗಳಲ್ಲಿ, ವಾಲ್ವ್ ಸೀಟ್ ಸವೆದು ಕ್ಲಿಯರೆನ್ಸ್ ಇಲ್ಲದಂತಾಗುತ್ತದೆ. ವಾಲ್ವ್ ಪೂರ್ತಿ ಮುಚ್ಚದೆ ಬಿಸಿಯಲ್ಲಿ ಐಡ್ಲಿಂಗ್ ಕೆಡುತ್ತದೆ. ಟಕಟಕ ಅನ್ನುವ ಟ್ಯಾಪೆಟ್ಟಿಗೆ ಜನ ಹೆದರುತ್ತಾರೆ, ಆದರೆ ವಾಲ್ವ್ ಸುಡುವುದು ಸದ್ದಿಲ್ಲದ ಟೈಟ್ ಟ್ಯಾಪೆಟ್. ಬೇಗ ಹಿಡಿದರೆ ಒಂದು ಸೆಟ್ಟಿಂಗ್‌ನಲ್ಲಿ ಮುಗಿಯುತ್ತದೆ.

ಹಂತ 6: ಎಲ್ಲ ಸಿಲಿಂಡರ್‌ಗಳೂ ಒಂದೇ ಥರ ಬಳಲಿದ್ದರೆ

ಹಂತ 4ರಲ್ಲಿ ಎಲ್ಲವೂ ಸಮವಾಗಿ ಕುಸಿದವು, ಆದರೂ ಎಂಜಿನ್ ಸರಿಯಿಲ್ಲ. ಹಾಗಿದ್ದರೆ ಎಲ್ಲಕ್ಕೂ ಸೇರಿದ ಯಾವುದೋ ಒಂದು ಕೆಟ್ಟಿದೆ.

ಸ್ಕ್ಯಾನರ್ ಇದ್ದರೆ ಎಂಜಿನ್ ಆಫ್ ಇಟ್ಟು ಇಗ್ನಿಷನ್ ಮಾತ್ರ ಆನ್ ಮಾಡಿ ಮ್ಯಾಪ್ ಓದಿ. ಆಗ ಅದು ತೋರಿಸಬೇಕಾದ್ದು ನಿಮ್ಮ ಊರಿನ ವಾಯುಭಾರ. ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಬೆಂಗಳೂರಿನಲ್ಲಿ 91ರ ಹತ್ತಿರ, ಮಡಿಕೇರಿಯಲ್ಲಿ 88ರ ಹತ್ತಿರ. ಬೆಂಗಳೂರಿನಲ್ಲಿ ನಿಂತ ಕಾರು 91 ತೋರಿಸಿದರೆ ಸೆನ್ಸರ್ ಕೆಟ್ಟಿಲ್ಲ. ಸ್ಟಾರ್ಟ್ ಮಾಡಿದ ಮೇಲೆ, ಎಸಿ ಆಫ್ ಇದ್ದಾಗ, ಬಿಸಿ ಎಂಜಿನ್ನಿನ ಐಡ್ಲಿಂಗ್‌ನಲ್ಲಿ 25ರಿಂದ 40ರ ಒಳಗೆ ಇಳಿಯಬೇಕು. 50ಕ್ಕಿಂತ ಮೇಲೆ ನಿಂತರೆ ಎಂಜಿನ್ ಸರಿಯಾಗಿ ಗಾಳಿ ಎಳೆಯುತ್ತಿಲ್ಲ. ಅದಕ್ಕೆ ಕಾರಣ ಲೀಕ್, ಟೈಟ್ ಟ್ಯಾಪೆಟ್, ಒಂದು ಹಲ್ಲು ಜಾರಿದ ಟೈಮಿಂಗ್ ಬೆಲ್ಟ್, ಅಥವಾ ಕಟ್ಟಿಕೊಂಡ ಕನ್ವರ್ಟರ್. ಸೆನ್ಸರ್ ಇದ್ದದ್ದನ್ನೇ ಹೇಳುತ್ತಿದೆ, ಅದನ್ನು ಬದಲಿಸಿ ಪ್ರಯೋಜನವಿಲ್ಲ. ವ್ಯಾಕ್ಯೂಮ್ ಗೇಜ್ ಬಳಸುವವರು ಪುಸ್ತಕದ ಅಂಕಿ ಸಮುದ್ರ ಮಟ್ಟದ್ದು ಅಂತ ನೆನಪಿಡಿ. ಬೆಂಗಳೂರಿನಲ್ಲಿ ಅದಕ್ಕಿಂತ ಸುಮಾರು 3 ಇಂಚು ಕಡಿಮೆ ಬಂದರೆ ಸಹಜ.

ಕಟ್ಟಿಕೊಂಡ ಕನ್ವರ್ಟರನ್ನು ಬೇರೆ ಮಾಡಿ ತಿಳಿಯಲು ಎಂಜಿನ್ನನ್ನು 2,500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿಯಿರಿ. ಮ್ಯಾಪ್ ನಿಧಾನವಾಗಿ ಏರುತ್ತಲೇ ಹೋದರೆ ಹೊಗೆ ಹೊರಹೋಗಲು ದಾರಿಯಿಲ್ಲ.

ಕೂಲೆಂಟ್ ಸೆನ್ಸರ್ ನೋಡಲು ಬೆಳಗ್ಗೆ, ರಾತ್ರಿಯಿಡೀ ನಿಂತ ಕಾರು ಬೇಕು. ಆಗ ಕೂಲೆಂಟ್ ಮತ್ತು ಒಳಬರುವ ಗಾಳಿಯ ಉಷ್ಣತೆ ಹೆಚ್ಚುಕಡಿಮೆ ಒಂದೇ ತೋರಿಸಬೇಕು. ಸ್ಕ್ಯಾನರ್ ಇಲ್ಲದಿದ್ದರೆ ಓಮ್ ಅಳೆಯಿರಿ. ತಣ್ಣಗಿದ್ದಾಗ ಸುಮಾರು 2,000 ಓಮ್, 80 ಡಿಗ್ರಿಗೆ ಬಂದಾಗ 300ರ ಆಸುಪಾಸು. ಬಿಸಿಯಾದ ಮೇಲೂ 2,000ವೇ ಇದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಎಂ ನಂಬಿಕೊಂಡು ಪೆಟ್ರೋಲ್ ಹಾಕುತ್ತಲೇ ಇರುತ್ತದೆ. ಥರ್ಮೋಸ್ಟಾಟನ್ನು ಕಿತ್ತು ಬಿಸಾಕಿದ ಕಾರುಗಳಲ್ಲೂ ಇದೇ ಆಗುತ್ತದೆ. ಹೀಟ್ ಆಗದಿರಲಿ ಅಂತ ನಮ್ಮಲ್ಲಿ ಹಾಗೆ ಕೀಳುವ ಪದ್ಧತಿ ಇದೆ. ದಯವಿಟ್ಟು ವಾಪಸ್ ಹಾಕಿಸಿ.

ಏರಿನಲ್ಲಿ ಮಾತ್ರ ಕೈಕೊಡುವ ಕಾರಿಗೆ ಪೆಟ್ರೋಲ್ ಪ್ರೆಶರ್ ಅಳೆಸಬೇಕು. ಇಗ್ನಿಷನ್ ಆನ್ ಮಾಡಿದಾಗ ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡ್ ಪಂಪ್ ಗುಂಯ್ ಅನ್ನುವುದು ಕೇಳಿಸಬೇಕು. ಪ್ರೆಶರ್ ಬಹಳಷ್ಟು ಮಾಡೆಲ್‌ಗಳಲ್ಲಿ ಪ್ರತಿ ಚದರ ಸೆಂ.ಮೀ.ಗೆ 2.5ರಿಂದ 3 ಕೆ.ಜಿ. ಇರುತ್ತದೆ. ಕಡಿಮೆ ಇದ್ದರೆ ಮೊದಲು ಫಿಲ್ಟರ್, ಪಂಪಿನ ಜಾಲರಿ, ಪಂಪಿಗೆ ಬರುವ ವೋಲ್ಟೇಜ್, ಆಮೇಲೆ ಪಂಪ್. ಈ ಲೈನ್ ಬಿಚ್ಚುವ ಮುಂಚೆ ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು, ಎಂಜಿನ್ ತಾನಾಗಿ ಆಫ್ ಆಗುವ ತನಕ ಓಡಿಸಿ ಪ್ರೆಶರ್ ಇಳಿಸಬೇಕು. ಅಭ್ಯಾಸ ಇಲ್ಲದವರು ಇದೊಂದನ್ನು ಗ್ಯಾರೇಜಿಗೇ ಬಿಡಿ.

ಆಕ್ಸಿಜನ್ ಸೆನ್ಸರ್ ಬಿಸಿ ಎಂಜಿನ್ನಿನಲ್ಲಿ 0.1ರಿಂದ 0.9 ವೋಲ್ಟ್ ನಡುವೆ ಮೇಲೆ ಕೆಳಗೆ ಆಡುತ್ತಿರಬೇಕು. ಒಂದೇ ಕಡೆ ಅಂಟಿ ಕೂತಿದ್ದರೆ ಗಾಳಿ ಲೀಕ್ ಮಾಡಿ ನೋಡಿ: ಒಂದು ಸಣ್ಣ ಪೈಪ್ ಕಳಚಿದಾಗ ಅಥವಾ ಆಕ್ಸಿಲರೇಟರ್ ಒಮ್ಮೆ ಒತ್ತಿದಾಗ ಅಲುಗಾಡಿದರೆ ಸೆನ್ಸರ್ ಜೀವಂತ ಇದೆ, ತೊಂದರೆ ಬೇರೆ ಕಡೆ.

ಪೆಟ್ರೋಲ್ ಬಗ್ಗೆ

ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20 ಎಥನಾಲ್. ಅಪ್ಪಟ ಪೆಟ್ರೋಲ್‌ಗೆ ಹೋಲಿಸಿದರೆ ಅದೇ ಗಾಳಿಗೆ ಸುಮಾರು ಶೇಕಡಾ 8ರಷ್ಟು ಇಂಧನ ಜಾಸ್ತಿ ಬೇಕು. ಆರೋಗ್ಯವಾಗಿರುವ ಎಂಜಿನ್ನಿನ ಇಸಿಎಂ ಅದನ್ನು ಆಕ್ಸಿಜನ್ ಸೆನ್ಸರ್ ನೋಡಿ ಸರಿದೂಗಿಸುತ್ತದೆ. ಆದರೆ ಇಂಜೆಕ್ಟರ್ ಅರ್ಧ ಕಟ್ಟಿಕೊಂಡು ಅಥವಾ ಫಿಲ್ಟರ್ ತುಂಬಿಕೊಂಡು ಮೊದಲೇ ಏದುಸಿರು ಬಿಡುತ್ತಿದ್ದ ಕಾರಿನಲ್ಲಿ ಇದೂ ಸೇರಿ ಮಿಸ್ಸಿಂಗ್ ಎದ್ದು ಕಾಣುತ್ತದೆ. ಸ್ಕ್ಯಾನರಿನಲ್ಲಿ ಫ್ಯುಯೆಲ್ ಟ್ರಿಮ್ (ಇಸಿಎಂ ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಜಾಸ್ತಿ ಹಾಕುತ್ತಿದೆ ಅನ್ನುವುದು) ಪ್ಲಸ್ 10ರ ಒಳಗಿದ್ದರೆ ಚಿಂತೆಯಿಲ್ಲ, 20 ದಾಟಿದರೆ ಕಾರಣ ಹುಡುಕಿ. ಎಥನಾಲ್ ನೀರು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ, ಪೆಟ್ರೋಲ್ ಪೈಪುಗಳನ್ನು ವರ್ಷಕ್ಕೊಮ್ಮೆಯಾದರೂ ಮೂಸಿ, ಮುಟ್ಟಿ ನೋಡಿ. ಒದ್ದೆ ಕಂಡರೆ ಅವತ್ತೇ ಬದಲಿಸಿ.

ಸರಿಹೋದ ಮೇಲೆ

ಕೋಡ್‌ಗಳನ್ನು ಅಳಿಸಿ. ಸ್ಕ್ಯಾನರ್ ಇಲ್ಲದಿದ್ದರೆ ಬ್ಯಾಟರಿಯ ಮೈನಸ್ ಕೆಲವು ನಿಮಿಷ ಕಳಚಿದರೆ ಬಹಳಷ್ಟು ಹಳೆಯ ಕಾರುಗಳಲ್ಲಿ ಅಳಿಯುತ್ತದೆ. ಸ್ಟೀರಿಯೋಗೆ ಪಿನ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ. ಆಮೇಲೆ ಎಸಿ, ಲೈಟ್ ಎಲ್ಲ ಆಫ್ ಇಟ್ಟು, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವ ತನಕ ಐಡ್ಲಿಂಗ್‌ನಲ್ಲಿ ಬಿಡಿ. ಹಳೆಯ ದೋಷಕ್ಕೆ ಹೊಂದಿಕೊಂಡಿದ್ದ ಇಸಿಎಂ ಹೊಸದಾಗಿ ಕಲಿಯಬೇಕು, ಮೊದಲ ದಿನ ಐಡ್ಲಿಂಗ್ ಸ್ವಲ್ಪ ಏರಿಳಿದರೆ ಕಂಗಾಲಾಗಬೇಡಿ.

ಮೊದಲು ಯಾವ ಸಂದರ್ಭದಲ್ಲಿ ತೊಂದರೆ ಬರುತ್ತಿತ್ತೋ ಅದೇ ಸಂದರ್ಭದಲ್ಲಿ ಓಡಿಸಿ ನೋಡಿ. ಬೆಳಗ್ಗೆ ಬರುತ್ತಿದ್ದರೆ ಬೆಳಗ್ಗೆ, ಏರಿನಲ್ಲಿ ಬರುತ್ತಿದ್ದರೆ ಏರಿನಲ್ಲಿ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಆ ಸಿಲಿಂಡರ್‌ನ ಪ್ಲಗ್ಗನ್ನು ಇನ್ನೊಮ್ಮೆ ತೆಗೆದು ಉಳಿದವುಗಳ ಪಕ್ಕ ಇಟ್ಟು ಬಣ್ಣ ನೋಡಿ. ಎಲ್ಲ ಒಂದೇ ಬಣ್ಣಕ್ಕೆ ಬಂದಿದ್ದರೆ, ಎಮಿಷನ್ ಟೆಸ್ಟ್ ಬಾಕಿ ಇದ್ದರೆ, ಅವತ್ತೇ ಎಂಜಿನ್ ಬಿಸಿ ಇರುವಾಗ ಹೋಗಿ ಮಾಡಿಸಿಕೊಂಡು ಬನ್ನಿ. ಅದರ ಚೀಟಿಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಅಂಕಿಗಳಿರುತ್ತವೆ. ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಲ ಹೈಡ್ರೋಕಾರ್ಬನ್ ಏರಿದ್ದು ಕಂಡರೆ ಎಲ್ಲೋ ಒಂದು ಸಿಲಿಂಡರ್ ತಪ್ಪಲು ಶುರುವಾಗಿದೆ ಅಂತ ಸ್ಟೀರಿಂಗ್ ನಡುಗುವ ಮೊದಲೇ ಗೊತ್ತಾಗುತ್ತದೆ.